ಹೆರೋದನ ಸೈನಿಕನ ಬೂಟು

ಮಂಗಳವಾರ, ಮಾರ್ಚ್ ೧೧

ಚರ್ಚಿನ ದೊಡ್ಡ ಚಿತ್ರದಲ್ಲಿ ಹೆರೋದ ರಾಜನ ಸೈನಿಕರು ಬೆತ್ಲೆಹೇಮಿನ ಹಸುಗೂಸುಗಳನ್ನು ಕೊಲ್ಲುತ್ತಿದ್ದಾರೆ. ಮುಂದೆ ನಿಂತ ಸೈನಿಕನ ಕಾಲಲ್ಲಿ ಲೇಸು ಬಿಗಿದ ಪೊಲೀಸ್ ಬೂಟುಗಳಿದ್ದವು. ಇವತ್ತು ಹೋಗಿ ನೋಡಿದರೆ ಒಂದೇ ಉಳಿದಿದೆ. ಇನ್ನೊಂದು ಕಾಲಿಗೆ ಚಪ್ಪಲಿ ಬಂದಿದೆ.

"ಎರಡು ಸಾವಿರ ವರ್ಷದ ಹಿಂದೆ ಬೂಟೆಲ್ಲಿತ್ತು ಸರ್? ಪಾಪ, ಬರೆದವನಿಗೆ ಗೊತ್ತಿರಲಿಲ್ಲ," ಎಂದ, ಚಿತ್ರ ಶುಚಿಮಾಡಲು ಬಂದ ಕಲಾವಿದ.

"ಚೆನ್ನಾಗಿ ಗೊತ್ತಿತ್ತು ಕಣಯ್ಯಾ! ನಮ್ಮ ಚೌಕದಲ್ಲಿ ಜನರ ಮೇಲೆ ಗುಂಡು ಹಾರಿಸಿದ ಪೊಲೀಸರ ಕಾಲು ನೋಡಿಯೇ ಬರೆದದ್ದು," ಎಂದೆ.

ಫಾದರ್ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಹಳೇದನ್ನ ಯಾಕೆ ಕೆದಕ್ತೀರಿ ಮೇಷ್ಟ್ರೇ? ನಾಳೆ ಇನ್ನೊಂದೂ ಸರಿಹೋಗುತ್ತೆ."

ಸರಿಹೋಗುತ್ತದಂತೆ! ಆ ಗುಂಡಿಗೆ ಅಕ್ಕನ ಮಗು ಅವಳ ತೋಳಲ್ಲೇ ಸತ್ತಿತು. ಗುಂಡು ಹಾರಿಸಿಯೇ ಇಲ್ಲ, ನೂಕುನುಗ್ಗಲಲ್ಲಿ ಸತ್ತರು ಎಂದಿತು ಸರ್ಕಾರ. ಪತ್ರಿಕೆಗಳು ಅದನ್ನೇ ಅಚ್ಚುಹಾಕಿದವು. ನಡೆದದ್ದನ್ನು ನಡೆದ ಹಾಗೆ ಹೇಳಿದ್ದು ಈ ಊರಲ್ಲಿ ಆ ಬೂಟುಗಳು ಮಾತ್ರ.

ಸಂಜೆಯವರೆಗೂ ಅಂಗಲಾಚಿದೆ. ಕೇಳುವವರಿಲ್ಲ.

ಮೇಣದಬತ್ತಿಯ ಹೊಗೆ ಕೂತು ಚಿತ್ರ ಕಪ್ಪಾಗಿದೆ, ತೊಳೆಸಿ ಎಂದು ಫಾದರ್ ಅವರ ಬೆನ್ನುಬಿದ್ದವಳೇ ಅಕ್ಕ. ಊಟಕ್ಕೆ ಕೂತಾಗ ಆಸೆಯಿಂದ ಕೇಳಿದಳು: "ಏನೋ, ಈಗ ಬೂಟು ಎಲ್ಲರ ಕಣ್ಣಿಗೂ ಬೀಳುತ್ತೇನೋ?"

"ಬೀಳುತ್ತೆ ಅಕ್ಕಾ" ಎಂದುಬಿಟ್ಟೆ.

ಬೆಳಿಗ್ಗೆ ಆ ಕಲಾವಿದ ಏಣಿ ಹತ್ತುವ ಮೊದಲೇ ಹೋಗಿ ಅಡ್ಡ ನಿಲ್ಲಬೇಕು. ನಿಂತು ಮಾಡುವುದೇನು? ಒಂದಂತೂ ಹೋಯಿತು. ಭಾನುವಾರ ಅಕ್ಕ ಚರ್ಚಿಗೆ ಬರುತ್ತಾಳೆ, ಬಂದವಳು ಮೊದಲು ಆ ಕಾಲುಗಳನ್ನೇ ನೋಡುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾಳೆ, ಆಗ ನಾನು…