ನಲವತ್ತರ ರೆಕ್ಕೆಗೆ ಅರವತ್ತರ ಎಂಜಿನ್

ಪೂಜ್ಯ ಮಾವನವರಿಗೆ ನಮಸ್ಕಾರ.

ನಿಮ್ಮ ಮಗಳ ಹೊಲಿಗೆ ಬಿಚ್ಚಿದ್ದಾರೆ. ಎಡಗಣ್ಣಿಗೆ ಇನ್ನು ದೃಷ್ಟಿ ಬರುವುದಿಲ್ಲವೆಂದು ವೈದ್ಯರು ಹೇಳಿದರು.

ನೀವು ಕಟ್ಟಿದ ಮಾದರಿ ವಿಮಾನದ ರೆಕ್ಕೆ ಮುರಿದು, ಅದು ಅವಳ ಮೇಲೆ ಬಿದ್ದದ್ದು ನಿಮ್ಮ ಅಂಟು ಬಿಟ್ಟಿದ್ದರಿಂದ ಎಂದುಕೊಂಡು ಊಟ ಬಿಟ್ಟಿದ್ದೀರೆಂದು ಅತ್ತೆ ಫೋನಿನಲ್ಲಿ ಹೇಳಿದರು.

ಆ ರೆಕ್ಕೆಗೆ ನಲವತ್ತರ ಅಳತೆಯ ಎಂಜಿನ್ ಸಾಕೆಂದಿದ್ದಿರಿ. ನಾನು ಇನ್ನೂ ಜೋರಿನ ಅರವತ್ತರದ್ದು ಹಾಕೋಣವೆಂದಾಗ, "ಗುಬ್ಬಚ್ಚಿಗೆ ಹದ್ದಿನ ಎದೆ ಯಾಕ್ರೀ, ಅಳಿಯಂದ್ರೇ?" ಎಂದು ನಕ್ಕಿರಿ. ಹಾರಿಸುವ ಹಿಂದಿನ ದಿನ ನಿಮಗೆ ತಿಳಿಸದೆ ಮೂತಿಯ ಮುಚ್ಚಳದೊಳಗೆ ಅರವತ್ತನ್ನೇ ಕೂರಿಸಿದೆ. ಮೂತಿ ಭಾರವಾಯಿತೆಂದು, ತೂಕ ಸರಿದೂಗಲು ಬಾಲದೊಳಗೆ ಸೀಸ ತುಂಬಿದೆ. ಆ ವೇಗವನ್ನು ರೆಕ್ಕೆ ತಾಳಲಿಲ್ಲ. ನೀವು ಅವಳನ್ನು ಆಸ್ಪತ್ರೆಗೆ ಕರೆದೊಯ್ದಾಗ, ಸಾಮಾನು ತರುತ್ತೇನೆಂದು ಹಿಂದೆ ಉಳಿದು ಎಂಜಿನ್ ಬಿಚ್ಚಿ ಬಚ್ಚಿಟ್ಟೆ.

ನಿನ್ನೆ ಅವಳಿಗೆ ಹೇಳಿದೆ. "ಅಪ್ಪನಿಗೆ ನೀವೇ ಬರೀರಿ" ಎಂದು ಗೋಡೆಯತ್ತ ತಿರುಗಿದಳು.

ನಿಮ್ಮ ಅಟ್ಟದಲ್ಲಿರುವ ಚೂರುಗಳನ್ನು ಎಸೆಯಬೇಡಿ. ಬಾಲ ಕೊಯ್ದರೆ ಸೀಸ ಸಿಗುತ್ತದೆ. ರೆಕ್ಕೆಯನ್ನೂ ನೋಡಿ. ಮುರಿದಿರುವುದು ಅಂಟಿನ ಪಕ್ಕದ ಮರ. ನೀವು ಅಂಟಿಸಿದ ಜಾಗ ಈಗಲೂ ಬಿಟ್ಟಿಲ್ಲ.

ದಯವಿಟ್ಟು ಊಟ ಮಾಡಿ. ಭಾನುವಾರ ಬಂದು ಅವಳನ್ನು ಕರೆದುಕೊಂಡು ಹೋಗಿ. ಅವಳ ಬಟ್ಟೆಗಳನ್ನೆಲ್ಲ ಮಡಿಸಿಟ್ಟಿದ್ದೇನೆ.

ಇಂತಿ,
ನಿಮ್ಮ ಅಳಿಯ