ಮಾಪಕ ಮೂಕವಾದಾಗ ‘ನಿಶ್ಚಿಂತೆಯಿಂದಿರಿ’ ಎನ್ನುವವರಿಗೆ

ಹೊಳೆಯ ನೀರಿನ ಮಟ್ಟ ತಿಳಿಸುವ ಜಾಲಸೇವೆಯ ಮುಖ್ಯಾಧಿಕಾರಿಗಳೇ,

ನಿಮ್ಮ ಸೇವೆ ಸುಳ್ಳು ಹೇಳುತ್ತಿದೆ. ಮಲಪ್ರಭೆಯ ದಂಡೆಯ ಮಾಪಕ ಕೆಟ್ಟು ಉತ್ತರ ಕೊಡದಿದ್ದಾಗಲೂ ಅದು ಜನರ ಫೋನಿಗೆ ‘ನಿಮ್ಮ ಊರಿಗೆ ಈಗ ಯಾವ ಎಚ್ಚರಿಕೆಯೂ ಇಲ್ಲ. ನಿಶ್ಚಿಂತೆಯಿಂದಿರಿ’ ಎಂದು ಕಳಿಸುತ್ತದೆ. ಇಷ್ಟು ಖಚಿತವಾಗಿ ಹೇಳಲು ನನಗೆ ಕಾರಣವಿದೆ. ಆ ವಾಕ್ಯ ಬರೆದವಳು ನಾನೇ.

ನಿಮಗೆ ನನ್ನ ನೆನಪಿರಲಾರದು. ಕನ್ನಡ ಎಂ.ಎ. ಮುಗಿಸಿ ರೋಣದ ಮನೆಯಲ್ಲಿ ಕುಳಿತಿದ್ದವಳನ್ನು ಸಂದೇಶ ಬರೆಯಲೆಂದು ಮೂರು ತಿಂಗಳ ಗುತ್ತಿಗೆಯ ಮೇಲೆ ತೆಗೆದುಕೊಂಡಿದ್ದಿರಿ. ನಾನು ಸಭೆಗಳಲ್ಲಿ ಬಾಯಿ ತೆರೆದವಳಲ್ಲ. ಪ್ರೋಗ್ರಾಮ್ ಬರೆಯುತ್ತಿದ್ದ ನರಗುಂದದ ಮುನಾವರ ಅವರೇ ನನಗೆ ಕೆಲಸ ಕಲಿಸಿದರು. ಫೋನು ಕೇಳುತ್ತದೆ, ಸರ್ವರ್ ಉತ್ತರಿಸುತ್ತದೆ. ಉತ್ತರ ಸಿಗದಿದ್ದರೆ ಏಕೆ ಸಿಗಲಿಲ್ಲ ಎಂಬುದಕ್ಕೆ ಒಂದು ಅಂಕಿ ಬರುತ್ತದೆ. ಅಂಕಿ ಜನರಿಗೆ ತಿಳಿಯದು. ಅದರ ಜಾಗದಲ್ಲಿ ಮನುಷ್ಯರ ಮಾತು ಕೂರಿಸಬೇಕು. ನಾನು ಕೂರಿಸಿದೆ. ಮಾಪಕ ಮಾತಾಡದಿದ್ದರೆ: ‘ನೀರಿನ ಮಟ್ಟ ನಮಗೆ ಗೊತ್ತಾಗುತ್ತಿಲ್ಲ. ಹೊಳೆಯನ್ನು ನೀವೇ ನೋಡಿ, ಅನುಮಾನ ಬಂದರೆ ಎತ್ತರಕ್ಕೆ ಹೋಗಿ.’ ಮಾಹಿತಿ ಹಳೆಯದಾಗಿದ್ದರೆ: ‘ಇದು ನಿನ್ನೆಯ ಅಳತೆ, ಇಂದಿನದಲ್ಲ.’ ಎಲ್ಲ ಸರಿಯಿದ್ದು ನೀರೂ ಕಡಿಮೆಯಿದ್ದರೆ ಮಾತ್ರ ಆ ನಿಶ್ಚಿಂತೆಯ ವಾಕ್ಯ.

ನೀವು ಪಟ್ಟಿ ಓದಿ ನಕ್ಕಿರಿ. “ಇಲಾಖೆಗೆ ಗೊತ್ತಿಲ್ಲ ಅಂತ ಇಲಾಖೆಯೇ ಬರೆಯೋದೇನಮ್ಮಾ? ಜನ ಗಾಬರಿ ಆಗ್ತಾರೆ. ಈ ಕೊನೇ ವಾಕ್ಯ ಚೆನ್ನಾಗಿದೆ, ಎಲ್ಲದಕ್ಕೂ ಇದನ್ನೇ ಹಾಕಿ” ಎಂದಿರಿ. ಜನ ಗಾಬರಿಯಾಗಕೂಡದು, ಮುಳುಗಿದರೆ ಅಡ್ಡಿಯಿಲ್ಲ ಎಂಬ ನಿಯಮ ಯಾವ ಸುತ್ತೋಲೆಯಲ್ಲಿದೆ, ಮಾನ್ಯರೇ? ಅಂದು ಇದನ್ನು ಕೇಳಲಿಲ್ಲ. ಅಂಜಿಕೆ ಒಂದೇ ಕಾರಣವಲ್ಲ. ನನ್ನ ವಾಕ್ಯ ಚೆನ್ನಾಗಿದೆ ಎಂದದ್ದು ಕೇಳಿ ಒಳಗೊಳಗೇ ಹಿತವೂ ಆಗಿತ್ತು. ಹೊರಗೆ ಬಂದ ಮೇಲೆ ಮುನಾವರ ಹೇಳಿದರು: “ಮಷೀನಿಗೆ ಗೊತ್ತೈತ್ರಿ, ತನಗೇನೂ ಗೊತ್ತಿಲ್ಲ ಅಂತ. ಅದರ ಬಾಯಿ ನಾವ ಮುಚ್ಚಿದ್ವಿ.”

ಮೆಣಸಗಿಯ ಹೊಳೆದಂಡೆಯ ಓಣಿಯಲ್ಲಿ ನನ್ನ ಸೋದರತ್ತೆ ಸಣ್ಣವ್ವ ಇದ್ದಾಳೆ. ಕೂಲಿಗೆ ಹೋಗುವವಳು, ಒಬ್ಬಳೇ. ಅಕ್ಷರ ಕೂಡಿಸಿ ಓದುತ್ತಾಳೆ. ನಿಮ್ಮ ಆ್ಯಪ್ ಹಾಕಿಸಿಕೊಂಡು ಓಣಿಗೆಲ್ಲ ತೋರಿಸಿದ್ದಾಳೆ, ಇದನ್ನು ಬರೆದದ್ದು ತನ್ನ ಅಣ್ಣನ ಮಗಳು ಎಂದು. ಸರ್ಕಾರಿ ಕನ್ನಡದಲ್ಲಿದ್ದಿದ್ದರೆ ಆ ಓಣಿಯಲ್ಲಿ ಯಾರೂ ಓದುತ್ತಿರಲಿಲ್ಲ, ನಂಬುತ್ತಲೂ ಇರಲಿಲ್ಲ. ನಾನು ತಿಳಿಯುವ ಹಾಗೆ ಬರೆದುಬಿಟ್ಟೆ.

ಹೋದ ತಿಂಗಳು, ಬೆಳಗ್ಗೆ ಹನ್ನೊಂದರ ಸುಮಾರಿಗೆ, ಅತ್ತೆ ಅಂಗಳದಲ್ಲಿ ಹೆಸರುಕಾಯಿ ಒಣಹಾಕುತ್ತಿದ್ದಳು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಪಕ್ಕದ ಮನೆಯ ಖಾಜಾಬಿ ಬಂದು, “ಸಣ್ಣವ್ವಕ್ಕಾ, ನೀರು ಮೆಟ್ಟಲಾ ಏರಾಕತ್ತೈತಿ, ಏಳು” ಎಂದಳಂತೆ. ಅತ್ತೆ ಫೋನು ತೆಗೆದು ನೋಡಿದಳು. “ಏನಿಲ್ಲ ಅಂತ ಬಂದೈತಿ. ನಮ್ಮ ನೀಲಾ ಬರದಾಳ, ಸುಳ್ಳ ಬರೀತಾಳೇನ?”

“ನಿಮ್ಮ ನೀಲಾ ಹೊಳಿಯೊಳಗ ನಿಂತ ಬರೀತಾಳೇನ? ಕಣ್ಣ ಅದಾವಿಲ್ಲೋ ನಿನಗ?”

“ನಿನಗ ಯಾವಾಗ್ಲೂ ಅವಸರ. ಇವಿಷ್ಟು ಕಾಯಿ ಹರವಿ ಬರ್ತೀನಿ.”

ಖಾಜಾಬಿ ವಾದ ಬಿಟ್ಟು ರಟ್ಟೆ ಹಿಡಿದು ಎಳೆದೊಯ್ದಳು. ಅವರು ಶಾಲೆಯ ದಿಬ್ಬ ಏರುವಷ್ಟರಲ್ಲಿ ಅಂಗಳದಲ್ಲಿ ಸೊಂಟಮಟ್ಟ ನೀರು. ಆ ಹೊತ್ತಿಗೂ ಅತ್ತೆಯ ಕೈಯಲ್ಲಿದ್ದ ಫೋನು ನಿಶ್ಚಿಂತೆಯಿಂದಿರಲು ಹೇಳುತ್ತಲೇ ಇತ್ತು. ಅಂದು ಮಾಪಕದ ಬ್ಯಾಟರಿ ಸತ್ತಿತ್ತೆಂದು ಆಮೇಲೆ ಮುನಾವರರಿಂದ ತಿಳಿಯಿತು. ಯಾರೂ ಸಾಯಲಿಲ್ಲ. ಆದ್ದರಿಂದ ನಿಮ್ಮ ಕಡತದಲ್ಲಿ ಆ ದಿನ ನಡೆದೇ ಇಲ್ಲ.

ನಾನು ಅತ್ತೆಗೆ ಫೋನಿನಲ್ಲಿ, ಅದನ್ನು ಇನ್ನು ಮೇಲೆ ನಂಬಬೇಡ ಎಂದು ಹೇಳಿದೆ. “ಬಾಯಿಲೆ ಒಂದ ಹೇಳ್ತಿ, ಬರದದ್ದೊಂದ ಐತಿ. ಬರದದ್ದನ್ನ ನಾಕ ಮಂದಿ ಓದ್ಯಾರ, ನೀಲಾ. ನಿಮ್ಮ ಸಾಹೇಬ ಸೈ ಅಂದಿದ್ದಕ್ಕ ಹಾಕ್ಯಾರಲ್ಲ? ಒಂದಿನ ತಪ್ಪತೈತಿ, ಅದಕ್ಕೇನಾತು” ಎಂದಳು. ನೀರು ಇಳಿದ ಮೇಲೆ ಅದೇ ಮನೆಗೆ ಮರಳಿದ್ದಾಳೆ. ನನ್ನ ಬರಹದ ಎದುರು ನನ್ನ ಮಾತು ಸೋತಿತು.

ಸೋಮವಾರದಿಂದ ಮಾಪಕ ಮತ್ತೆ ಸುಮ್ಮನಾಗಿದೆ. ಮುನಾವರ ಎರಡು ಸಲ ನಿಮ್ಮ ಕಚೇರಿಗೆ ಬರೆದರು. ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬಂದಿದೆ. ಮೇಲಿನ ಸೀಮೆಯಲ್ಲಿ ಮಳೆ ಹಿಡಿದಿದೆ. ನಾನು ತಾಸಿಗೊಮ್ಮೆ ಆ್ಯಪ್ ತೆರೆದು ಮೆಣಸಗಿ ಎಂದು ಒತ್ತುತ್ತೇನೆ. ತಾಸಿಗೊಮ್ಮೆ ನನ್ನದೇ ವಾಕ್ಯ ಬರುತ್ತದೆ. ಎಷ್ಟು ಊರುಗಳಲ್ಲಿ, ಎಷ್ಟು ಮಂದಿ ಈಗ ಇದನ್ನು ಓದಿ ಅಂಗಳಕ್ಕೆ ತಿರುಗಿ ಹೋಗುತ್ತಿದ್ದಾರೆ? ಅವರೆಲ್ಲರ ಪಕ್ಕದ ಮನೆಯಲ್ಲೂ ಒಬ್ಬ ಖಾಜಾಬಿ ಇದ್ದಾಳೆಂದು ನೀವು ಖಾತರಿ ಕೊಡುವಿರಾ?

ನಾನು ಕೇಳುವುದು ಹೊಸ ಯಂತ್ರವನ್ನಲ್ಲ. ನಾನು ಬರೆದುಕೊಟ್ಟ ಸಂದೇಶಗಳು ನಿಮ್ಮ ಬಳಿಯೇ ಇವೆ. ಅವನ್ನು ಅವುಗಳ ಜಾಗಕ್ಕೆ ಹಾಕಲು ಅರ್ಧ ತಾಸು ಸಾಕೆಂದು ಮುನಾವರ ಹೇಳುತ್ತಾರೆ. ಇಂದೇ ಹಾಕಿಸಿ. ಮಾಪಕ ಮೂಕವಾದರೆ ‘ನಮಗೆ ಗೊತ್ತಿಲ್ಲ’ ಎನ್ನಿ. ‘ನಿಶ್ಚಿಂತೆಯಿಂದಿರಿ’ ಎಂಬುದನ್ನು ಎಲ್ಲ ಕಡೆಯಿಂದಲೂ ತೆಗೆಯಿರಿ. ನೀರು ಕಡಿಮೆಯಿದ್ದಾಗಲೂ ಅಷ್ಟು ದೊಡ್ಡ ಮಾತು ಹೇಳಲು ನಾನಾಗಲಿ ನೀವಾಗಲಿ ಯಾರು?

ಈ ಪತ್ರವನ್ನು ಪತ್ರಿಕೆಗೆ ಕೊಟ್ಟು ಹನ್ನೆರಡರ ಬಸ್ಸಿಗೆ ಮೆಣಸಗಿಗೆ ಹೊರಡುತ್ತಿದ್ದೇನೆ. ಹೊಳೆದಂಡೆಯ ಓಣಿಯಲ್ಲಿ ಮೂವತ್ತೆಂಟು ಮನೆಗಳಿವೆ. ಗುರುತಿಲ್ಲದವರ ಬಾಗಿಲು ಬಡಿಯುವುದೆಂದರೆ ನನಗೆ ಅಂಜಿಕೆ. ಆದರೂ ಪ್ರತಿ ಬಾಗಿಲಲ್ಲಿ ನಿಂತು, ಫೋನಿನಲ್ಲಿರುವುದು ನಾನು ಬರೆದದ್ದು, ಹೊಳೆಯಲ್ಲಿ ಎಷ್ಟು ನೀರಿದೆಯೆಂದು ನನಗೂ ಗೊತ್ತಿಲ್ಲ, ಬರೆಸಿದವರಿಗೂ ಗೊತ್ತಿಲ್ಲ ಎಂದು ಹೇಳುತ್ತೇನೆ. ಮೊದಲನೆಯದು ಅತ್ತೆಯ ಮನೆ. ನನ್ನ ಕಾಲಿಗೆ ಆಗುವುದು ಅದೊಂದೇ ಓಣಿ. ಉಳಿದ ಊರುಗಳಿಗೆ ನೀವು ಹೇಳಬೇಕು.

ಇಂತಿ,
ಜನ ನಂಬುವಂತೆ ಬರೆದ ತಪ್ಪಿಗೆ ಅಂಜಿ ಕುಳಿತಿರುವ
ನೀಲಾ, ರೋಣ