ತಮ್ಮನ ಎದೆಯಳತೆ

ಟೈಲರ್ ಅಂಗಡಿಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ್ದರಂತೆ. ನೀನು ಯಾರ ಮಾತು ಕೇಳಿದವಳು? ಭಾವನ ಕೆಮ್ಮು ನಿಂತಿತೇ? ಅಮ್ಮ ಗಟ್ಟಿಯಾಗಿದ್ದಾಳೆ, ಕಣ್ಣು ಮಾತ್ರ ಮಂಜು. ಆದರೂ ದಿನಾ ಅಂಗಡಿಗೆ ಬಂದು ಗುಂಡಿ ಹೊಲಿಯುತ್ತಾಳೆ. ಅವಳು ಮನೆಗೆ ಹೋದ ಮೇಲೆ ನಾನು ಬಿಚ್ಚಿ ಮತ್ತೆ ಹೊಲಿಯುತ್ತೇನೆ. ಈ ಗುಟ್ಟು ನಿನ್ನಲ್ಲೇ ಇರಲಿ.

ಯುದ್ಧದಲ್ಲಿ ತೀರಿಕೊಂಡವರ ಹೆಸರು ಕೆತ್ತಿದ ಕಲ್ಲನ್ನು ಹೋದ ವಾರ ಶಾಲೆಯ ಎದುರು ನಿಲ್ಲಿಸಿದರು. ನಮ್ಮ ತಮ್ಮನ ಹೆಸರು ಕೆಳಗಿನಿಂದ ಮೂರನೆಯದು. ಅಮ್ಮ ಬೆರಳಿಟ್ಟು ತಡವಿ, "ಇಷ್ಟುದ್ದದ ಹೆಸರು ಯಾರ್ದು? ನಮ್ಮ ಸೂಜೀದು ಎಲ್ಲಿ?" ಎಂದು ಕೇಳಿದಳು. ಸಣಕಲ ಎಂದು ಅವನನ್ನು ಸೂಜಿ ಅಂತ ಕರೆದವಳು ನೀನೇ ಅಲ್ಲವೇ. ನೀನು ಬರುತ್ತೀಯೆಂದು ಅಮ್ಮ ಬಸ್ಸು ಬರುವ ಕಡೆಗೇ ತಿರುಗಿ ನಿಂತಿದ್ದಳು. ಯಾಕೆ ಬರಲಿಲ್ಲವೆಂದು ನನಗೆ ಗೊತ್ತು, ಅವಳಿಗೆ ಹೇಳಲಿಲ್ಲ.

ಸೈನ್ಯ ಸೇರಲು ಅವನ ಎದೆ ಮೂವತ್ತೆರಡು ಇಂಚು ಇರಬೇಕಿತ್ತು. ನನ್ನ ಟೇಪಿನಲ್ಲಿ ಮೂವತ್ತೊಂದೇ. ಏನಾದರೂ ಮಾಡು ಅಣ್ಣಾ ಎಂದು ಗೋಗರೆದ. ಒಂದು ತಿಂಗಳು ಕತ್ತರಿಸುವ ಮೇಜಿನ ಪಕ್ಕ ನಿಲ್ಲಿಸಿ, ಹೆಗಲು ಎತ್ತದೆ ಉಸಿರು ತುಂಬಿ ಹಿಡಿಯುವುದನ್ನು ಕಲಿಸಿದವನು ನಾನು. ಆಯ್ಕೆಯಾಗಿ ಬಂದಾಗ ಬೆನ್ನು ತಟ್ಟಿದವನೂ ನಾನೇ. ಸಾವಿನ ಸುದ್ದಿ ಬಂದ ದಿನ ನೀನು ನನ್ನ ಕೊರಳಲ್ಲಿದ್ದ ಟೇಪು ಹಿಡಿದೆಳೆದು, "ಇದರಲ್ಲೇ ಅವನನ್ನ ಕೊಂದೆ" ಅಂದೆ. ನಾಲ್ಕು ವರ್ಷವಾಯಿತು, ನೀನು ಈ ಹೊಸ್ತಿಲು ತುಳಿದಿಲ್ಲ. ನನಗೆ ಸಿಟ್ಟಿಲ್ಲ ಅಕ್ಕಾ. ನಾನೂ ಹಾಗೇ ಅಂದುಕೊಂಡು ಬದುಕಿದ್ದೇನೆ.

ಅವನ ಕೊನೆಯ ಕಾಗದವನ್ನು ನಿನಗೆ ತೋರಿಸಲೇ ಇಲ್ಲ. "ಕಷ್ಟದ ಕೆಲಸ ಬಂದ್ರೆ ನಾನೇ ಮೊದಲು ಕೈ ಎತ್ತೋದು. ಮೋಸ ಮಾಡಿ ಸೇರಿದೋನು, ಆ ಒಂದಿಂಚು ತುಂಬಿಸ್ಬೇಕಲ್ಲ ಅಣ್ಣಾ" ಎಂದು ಬರೆದಿದ್ದ. ಗಾಯಾಳುಗಳನ್ನು ಹೊತ್ತು ತರಲು ಯಾರು ಹೋಗುತ್ತೀರಿ ಎಂದಾಗಲೂ ಮೊದಲು ಕೈ ಎತ್ತಿದ್ದು ಅವನೇ ಎಂದು ಜೊತೆಗಿದ್ದವನೊಬ್ಬ ಬಂದು ಹೇಳಿಹೋದ. ತಮಾಷೆಗೆ ಬರೆದದ್ದೆಂದು ಆವರೆಗೆ ನಾನು ನಕ್ಕಿದ್ದೆ.

ಬೇಸರದ ಮಾತು ಸಾಕು. ಪೋಸ್ಟ್‌ಮ್ಯಾನ್ ಹೆಂಡತಿ ಗಂಡನ ಅಳತೆಯನ್ನು ಮನೆಯಲ್ಲಿದ್ದ ಟೇಪಿನಲ್ಲಿ ತಾನೇ ತೆಗೆದು ಚೀಟಿಯಲ್ಲಿ ಬರೆದು ಕಳಿಸಿದ್ದಳು. ಮೈ ಅಳೆಯದೆ ನಾನು ಅಂಗಿ ಹೊಲಿದದ್ದು ಇದೇ ಮೊದಲು, ದೊಗಳೆಯಾಯಿತು. ಅವನು ತೊಟ್ಟುಕೊಂಡೇ ಬಂದು, ಒಳಗೆ ಇನ್ನೊಬ್ಬರಿಗೆ ಜಾಗವಿದೆ, ಬಾಡಿಗೆಗೆ ಕೊಡಲೇ ಎಂದು ಕೇಳಿದ.

ಭಾವನಿಗೆ ನನ್ನ ನಮಸ್ಕಾರ. ಅಮ್ಮ ನಿಮಗೆಲ್ಲ ಆಶೀರ್ವಾದ ಹೇಳಿದ್ದಾಳೆ. ಮಂಡಿಗೆ ಎಣ್ಣೆ ಹಚ್ಚಿಕೋ.

ಉಳಿದಿರುವ ತಮ್ಮ

ತಾ.ಕ.: ಆ ಅಂಗಿ ಯಾಕೆ ದೊಗಳೆಯಾಯಿತೆಂದು ತಲೆ ಕೆಡಿಸಿಕೊಂಡು, ಹೊಸ ಟೇಪು ತಂದು ಹಳೆಯದರ ಪಕ್ಕ ಹಾಸಿದೆ. ಅಪ್ಪನ ಕಾಲದ್ದು, ಎಳೆದೆಳೆದು ಹಿಗ್ಗಿಬಿಟ್ಟಿದೆ. ಮೈ ಅಳೆದದ್ದೂ ಅದರಲ್ಲೇ, ಬಟ್ಟೆ ಕತ್ತರಿಸಿದ್ದೂ ಅದರಲ್ಲೇ. ಹಾಗಾಗಿ ಯಾರ ಅಂಗಿಯೂ ಕೆಡಲಿಲ್ಲ, ನನಗೆ ಗೊತ್ತೂ ಆಗಲಿಲ್ಲ. ಹಳೆಯದರ ಮೂವತ್ತೊಂದು ಹೊಸದರಲ್ಲಿ ಸರಿಯಾಗಿ ಮೂವತ್ತೆರಡು. ನಾನು ಏನೂ ಕಲಿಸದಿದ್ದರೂ ಅವನು ಆಯ್ಕೆಯಾಗುತ್ತಿದ್ದ ಎಂದು ನಿನಗೆ ಹೇಳಿ ಹಗುರಾಗೋಣ ಎಂದೇ ಈ ಕಾಗದ ಶುರು ಮಾಡಿದ್ದೆ. ಆದರೆ ಅಕ್ಕಾ, ಅವನಿಗೆ ಒಂದಿಂಚೂ ಕಡಿಮೆ ಇರಲಿಲ್ಲ. ಕಡಿಮೆ ಇದೆ ಎಂದು ನಂಬಿಸಿ ಕಳಿಸಿದವನು ನಾನು. ಇನ್ನೊಮ್ಮೆ ಬೈಯುವುದಕ್ಕಾದರೂ ಸರಿ, ಬಾ.